ಶೂಮನ್, ಕ್ಲಾರಾ, ಬ್ರಾಮ್ಸ್: ಕಾದಂಬರಿಯ ಮುಖವಾಡ ಹಾಕಿಕೊಂಡ ಪ್ರೀತಿ

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಈಚೆಗಷ್ಟೇ ಕೇಳಲು ಶುರು ಮಾಡಿದ್ದೇನೆ. ರಾಬರ್ಟ್ ಶೂಮನ್ ಬಗ್ಗೆ ಎಲ್ಲಿ ಓದಿದರೂ ಅವನ ಹೆಂಡತಿ ಕ್ಲಾರಾಗೂ ಬ್ರಾಮ್ಸ್‌ಗೂ ಪ್ರೇಮವಿತ್ತು ಅನ್ನುವ ಮಾತು ಬರುತ್ತದೆ. ಇದು ನಿಜವೇ? ಶೂಮನ್‌ನ ಸಂಗೀತಕ್ಕೆ ಕಾದಂಬರಿಗಳೇ ಸ್ಫೂರ್ತಿ ಅಂತಲೂ ಹೇಳುತ್ತಾರೆ. ಮಾತೇ ಇಲ್ಲದ ಪಿಯಾನೋದಲ್ಲಿ ಕಾದಂಬರಿ ಹೇಗೆ ಬರುತ್ತದೆ? ಇದೆಲ್ಲ ಗೊತ್ತಿಲ್ಲದೆ ಕೇಳಿದರೆ ಏನಾದರೂ ಕಳೆದುಕೊಳ್ಳುತ್ತೇವೆಯೇ?

ಉತ್ತರ: ಎಲ್ಲರಿಗೂ ಕುತೂಹಲ ಇರುವುದು ಮೊದಲ ಪ್ರಶ್ನೆಯಲ್ಲೇ, ಅಲ್ವಾ? ಅದಕ್ಕೆ ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಶೂಮನ್ ದಂಪತಿಯ ಕಿರಿಯ ಗೆಳೆಯ, ಸಂಗೀತ ರಚನಕಾರ ಬ್ರಾಮ್ಸ್ ಕ್ಲಾರಾಳನ್ನು ಪ್ರೀತಿಸಿದ್ದು ನಿಜ. ಅವನ ಪತ್ರಗಳಲ್ಲೇ ಅದು ಇದೆ. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನದು ನಡೆಯಿತು ಅನ್ನುವುದಕ್ಕೆ ಪುರಾವೆ ಇಲ್ಲ. 1880ರ ದಶಕದಲ್ಲಿ ಇಬ್ಬರೂ ತಮ್ಮ ತಮ್ಮ ಪತ್ರಗಳನ್ನು ವಾಪಸ್ ಪಡೆದರು. ಎಷ್ಟೋ ಪತ್ರಗಳನ್ನು ನಾಶ ಮಾಡಿದರು. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಅದರ ಸಂದಿಯಲ್ಲಿ ಇಣುಕಿ ಬರೆದ ಪುಸ್ತಕ, ಸಿನಿಮಾಗಳೆಲ್ಲ ಊಹೆಯೇ.

ಆದರೆ ನಿಮ್ಮ ಎರಡನೆಯ ಪ್ರಶ್ನೆ ಇದೆಯಲ್ಲ, ಕಾದಂಬರಿಯದು, ನಿಜವಾದ ಕಥೆ ಇರುವುದು ಅಲ್ಲಿ. ಈ ಜನರಿಗೆ ಪುಸ್ತಕ ಅಂದರೆ ಸುಮ್ನೆ ಓದಿ ಪಕ್ಕಕ್ಕಿಡುವ ವಸ್ತುವಾಗಿರಲಿಲ್ಲ. ನೇರವಾಗಿ ಹೇಳಲಾಗದ ಮಾತನ್ನು ಕಾದಂಬರಿಯ ಯಾವುದೋ ಪಾತ್ರದ ಬಾಯಲ್ಲಿಟ್ಟು, ಆಮೇಲೆ ಅದನ್ನು ಸ್ವರಕ್ಕೆ ಹಾಕುತ್ತಿದ್ದರು. ಸ್ನೇಹ ಶುರುವಾಗುತ್ತಿದ್ದದ್ದೂ ಹಾಗೇ, ಪ್ರೀತಿಯನ್ನು ಒಪ್ಪಿಕೊಳ್ಳುತ್ತಿದ್ದದ್ದೂ ಹಾಗೇ.

ಶೂಮನ್ ಹುಟ್ಟಿದ್ದು 1810ರಲ್ಲಿ, ಜರ್ಮನಿಯ ಸ್ಯಾಕ್ಸನಿ ಸೀಮೆಯ ಸ್ವಿಕಾವ್ ಎಂಬ ಊರಿನಲ್ಲಿ. ಅಪ್ಪ ಪುಸ್ತಕದ ವ್ಯಾಪಾರಿ, ಪ್ರಕಾಶಕ. ತಾನೂ ಬರೆಯುತ್ತಿದ್ದ, ಬೈರನ್‌ನ ಕಾವ್ಯವನ್ನು ಜರ್ಮನ್‌ಗೆ ಅನುವಾದ ಮಾಡಿದ್ದ. ಅಂಥ ಮನೆಯಲ್ಲಿ ಬೆಳೆದ ಹುಡುಗ ಸಾಹಿತಿಯಾಗಬೇಕೋ ಸಂಗೀತಗಾರನಾಗಬೇಕೋ ಎಂದು ಬಹಳ ದಿನ ಒದ್ದಾಡಿದ. ಹೆಸರಿಗೆ ಲೈಪ್‌ಸಿಗ್‌ನಲ್ಲಿ ಕಾನೂನು ಓದುತ್ತಿದ್ದ. ತಲೆ ತುಂಬ ಜಾಂ ಪೌಲ್ ಎಂಬ ಕಾದಂಬರಿಕಾರ. ಸಂಗೀತದ ಮೇಷ್ಟರಿಗಿಂತ ಜಾಂ ಪೌಲ್‌ನಿಂದಲೇ ತಾನು ಜಾಸ್ತಿ ಕೌಂಟರ್‌ಪಾಯಿಂಟ್ ಕಲಿತೆ ಎಂದು ಮುಂದೆ ಒಂದು ಪತ್ರದಲ್ಲಿ ಬರೆದುಕೊಂಡ. ಕೌಂಟರ್‌ಪಾಯಿಂಟ್ ಅಂದರೆ ಎರಡು ಮೂರು ರಾಗದ ಎಳೆಗಳನ್ನು ಒಟ್ಟಿಗೆ ನಡೆಸುವ ವಿದ್ಯೆ. ಕಾದಂಬರಿಯಿಂದ ಅದನ್ನು ಕಲಿಯುವುದು ಹೇಗೆ?

ಅದಕ್ಕೆ 'ಪಾಪಿಯೋಂ' ನೋಡಬೇಕು. 'ಚಿಟ್ಟೆಗಳು' ಎಂಬ ಹೆಸರಿನ ಈ ಪಿಯಾನೋ ಕೃತಿ 1831ರಲ್ಲಿ ಅಚ್ಚಾಯಿತು. ಹನ್ನೆರಡು ಪುಟ್ಟ ಪುಟ್ಟ ತುಣುಕುಗಳು. ಇದರ ಹಿಂದೆ ಇರುವುದು ಜಾಂ ಪೌಲ್‌ನ 'ಫ್ಲೇಗೆಲ್‌ಯಾರೆ' ಕಾದಂಬರಿಯ ಕೊನೆಯ ಭಾಗ. ಅದರಲ್ಲಿ ವಾಲ್ಟ್, ವುಲ್ಟ್ ಎಂಬ ಅವಳಿ ಸೋದರರು. ವಾಲ್ಟ್ ಕನಸುಗಾರ, ಕವಿ. ವುಲ್ಟ್ ಮುಂಗೋಪಿ, ಕೊಳಲು ವಾದಕ. ಇಬ್ಬರಿಗೂ ವೀನಾ ಎಂಬ ಹುಡುಗಿಯ ಮೇಲೆ ಮನಸ್ಸು. ಮುಖವಾಡದ ನೃತ್ಯಕೂಟವೊಂದರಲ್ಲಿ ವುಲ್ಟ್ ತಮ್ಮಿಬ್ಬರ ವೇಷ ಅದಲುಬದಲು ಮಾಡಿಸುತ್ತಾನೆ. ವಾಲ್ಟ್‌ನ ಮುಖವಾಡ ತೊಟ್ಟು ವೀನಾಳ ಜೊತೆ ಕುಣಿಯುತ್ತಾನೆ. ಅವಳು ತನ್ನ ಪ್ರೀತಿಯನ್ನು ಹೇಳಿಕೊಳ್ಳುತ್ತಾಳೆ, ಎದುರಿಗಿರುವವನು ವಾಲ್ಟ್ ಅಂದುಕೊಂಡು. ವುಲ್ಟ್‌ಗೆ ಅರ್ಥವಾಗುತ್ತದೆ. ಕೊನೆಗೆ ಅವನು ಕೊಳಲು ಊದುತ್ತಾ ಮನೆಯಿಂದ ಹೊರಟು ಹೋಗುತ್ತಾನೆ. ವಾಲ್ಟ್ ಆ ನಾದಕ್ಕೆ ಮರುಳಾಗಿ ಕೇಳುತ್ತಾ ಕೂರುತ್ತಾನೆ. ಕೊಳಲಿನ ಜೊತೆ ಅಣ್ಣತಮ್ಮಂದಿರ ಸಂಬಂಧವೂ ದೂರ ಹೋಗುತ್ತಿದೆ ಎಂಬುದು ಅವನಿಗೆ ಗೊತ್ತೇ ಆಗುವುದಿಲ್ಲ.

ಶೂಮನ್ ತನ್ನ ಬಳಿಯಿದ್ದ ಕಾದಂಬರಿಯ ಪ್ರತಿಯಲ್ಲಿ ಕೆಲವು ಸಾಲುಗಳ ಪಕ್ಕ ಗುರುತು ಹಾಕಿ, ತನ್ನ ತುಣುಕುಗಳ ಸಂಖ್ಯೆ ಬರೆದಿಟ್ಟಿದ್ದ. ಮನೆಯವರಿಗೂ ಪತ್ರ ಬರೆದು, ಮೊದಲು ಆ ಕೊನೆಯ ದೃಶ್ಯ ಓದಿ ಅಂದಿದ್ದ. ಈಗ ಹನ್ನೆರಡನೆಯ ತುಣುಕನ್ನು ಕೇಳಿ. ಆಗಿನ ಜರ್ಮನಿಯಲ್ಲಿ ಕೂಟ ಮುಗಿಸುವಾಗ ನುಡಿಸುತ್ತಿದ್ದ 'ಅಜ್ಜನ ನೃತ್ಯ' ಎಂಬ ಹಳೇ ಧಾಟಿ ಬರುತ್ತದೆ. ಅದರ ಜೊತೆಗೇ ಮೊದಲ ತುಣುಕಿನ ವಾಲ್ಟ್ಜ್ (ಮೂರರ ಲಯದ ನೃತ್ಯ) ತಿರುಗಿ ಸೇರಿಕೊಳ್ಳುತ್ತದೆ. ಎರಡು ಎಳೆ ಒಟ್ಟಿಗೆ, ಜಾಂ ಪೌಲ್ ಕಲಿಸಿದ ಪಾಠ ಇದೇ. ಆಮೇಲೆ ಮೇಲಿನ ಒಂದೇ ಸ್ವರ ಆರು ಸಲ ಮೊಳಗುತ್ತದೆ. ಗಡಿಯಾರ ಆರು ಹೊಡೆಯಿತು, ಬೆಳಗಾಯಿತು. ತೀರಾ ಕೊನೆಯಲ್ಲಿ ಕೆಲವು ಸ್ವರಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದು, ಆಮೇಲೆ ಕೆಳಗಿನಿಂದ ಒಂದೊಂದೇ ಬೆರಳನ್ನು ಎತ್ತಬೇಕು. ಶಬ್ದವನ್ನು ಸೇರಿಸುತ್ತಾ ಹೋಗುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಕಳೆಯುತ್ತಾ ಹೋಗುವುದೇ ಸಂಗೀತ. ಆಗ ಅವನಿಗೆ ಬರೀ 21 ವರ್ಷ!

ಇದೇ ವಾಲ್ಟ್, ವುಲ್ಟ್ ಮುಂದೆ ಶೂಮನ್‌ನ ಎರಡು ಮನಸ್ಸುಗಳಾದರು. ಅವುಗಳಿಗೆ ಯೂಸೇಬಿಯಸ್, ಫ್ಲೋರೆಸ್ಟಾನ್ ಎಂದು ಹೆಸರಿಟ್ಟ. ಮೊದಲನೆಯವನು ಮೆತ್ತಗಿನವನು, ಎರಡನೆಯವನು ದುಡುಕಿನವನು. 1834ರಲ್ಲಿ ಲೈಪ್‌ಸಿಗ್‌ನಲ್ಲಿ ಒಂದು ಸಂಗೀತ ಪತ್ರಿಕೆ ಶುರು ಮಾಡಿ, ವಿಮರ್ಶೆಗಳಿಗೆ ಇದೇ ಹೆಸರುಗಳಲ್ಲಿ ಸಹಿ ಹಾಕಿದ. ಅರಸಿಕರ ವಿರುದ್ಧ ಹೋರಾಡುವ 'ದಾವೀದನ ಬಳಗ' ಎಂಬ ಕೂಟವನ್ನೂ ಕಟ್ಟಿದ. ಅದು ಅರ್ಧ ಕಲ್ಪನೆ, ಅರ್ಧ ನಿಜ. ಗೆಳೆಯರೆಲ್ಲ ಅದರ ಸದಸ್ಯರು, ಎಷ್ಟೋ ಜನಕ್ಕೆ ತಾವು ಸದಸ್ಯರು ಅಂತಲೇ ಗೊತ್ತಿರಲಿಲ್ಲ. 1837ರ 'ದಾವೀದನ ಬಳಗದ ನೃತ್ಯಗಳು' ಕೃತಿಯ ತುಣುಕುಗಳ ಕೊನೆಗೆ ಫ್ಲೋರೆಸ್ಟಾನ್‌ನ ಎಫ್ ಅಥವಾ ಯೂಸೇಬಿಯಸ್‌ನ ಇ ಎಂದು ಸಹಿ ಹಾಕಿದ್ದಾನೆ, ಕೆಲವಕ್ಕೆ ಎರಡೂ. ಹುಡುಗಾಟದ ಹಾಗೆ ಕಾಣುತ್ತದೆ. ಇರಲಿ, ಆ ಹುಡುಗಾಟದಿಂದಲೇ ಒಳ್ಳೆಯ ಸಂಗೀತ ಹುಟ್ಟಿತು.

ಹೆಸರುಗಳನ್ನು ಸ್ವರದಲ್ಲಿ ಅಡಗಿಸುವ ಚಟವೂ ಅವನಿಗಿತ್ತು. ಜರ್ಮನ್ನರು ಸ್ವರಗಳನ್ನು ಅಕ್ಷರಗಳಿಂದ ಕರೆಯುತ್ತಾರೆ. ಹಾಗಾಗಿ ಕೆಲವು ಪದಗಳನ್ನು ಹಾಗೇ ನುಡಿಸಬಹುದು. ನಮ್ಮ ಕರ್ನಾಟಕ ಸಂಗೀತದ ಸ್ವರಾಕ್ಷರ ನೆನಪಿಸಿಕೊಳ್ಳಿ, ಸಾಹಿತ್ಯದ ಅಕ್ಷರವೂ ಹಾಡುವ ಸ್ವರವೂ ಒಂದೇ ಆಗುವುದು. 1834ರಲ್ಲಿ ಶೂಮನ್ ಎರ್ನೆಸ್ಟೀನ್ ಎಂಬ ಹುಡುಗಿಯ ಜೊತೆ ಗುಟ್ಟಾಗಿ ನಿಶ್ಚಿತಾರ್ಥ ಮಾಡಿಕೊಂಡಿದ್ದ. ಅವಳ ಊರು ಆಶ್ (Asch). ಆ ಊರಿನ ನಾಲ್ಕು ಅಕ್ಷರಗಳೂ ಸ್ವರಗಳೇ, ನಾಲ್ಕೂ ಅವನ ಹೆಸರಿನಲ್ಲೂ ಇವೆ. 'ಕಾರ್ನವಾಲ್' ಎಂಬ ಇಡೀ ಕೃತಿ ಆ ಸ್ವರಗಳ ಮೇಲೆ ನಿಂತಿದೆ. ಅದರೊಳಗೆ 'ಎಸ್ಟ್ರೆಲ್ಲಾ' ಎಂಬ ತುಣುಕು ಎರ್ನೆಸ್ಟೀನ್‌ದು. ಹತ್ತಿರದಲ್ಲೇ 'ಕ್ಯಾರೀನಾ' ಎಂಬ ಇನ್ನೊಂದು ಇದೆ. ಅದು ಯಾರು ಗೊತ್ತೇ? ಗುರುವಿನ ಮಗಳು ಕ್ಲಾರಾ. ಹೀಗೆ ಇಬ್ಬರನ್ನೂ ಒಂದೇ ಕೃತಿಯಲ್ಲಿ ಇಟ್ಟವನ ನಿಶ್ಚಿತಾರ್ಥ ಬಹಳ ದಿನ ಉಳಿಯಲಿಲ್ಲ ಅಂದರೆ ಆಶ್ಚರ್ಯವಿಲ್ಲ.

ಕ್ಲಾರಾ ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಅಪ್ಪ ಫ್ರೀಡ್ರಿಖ್ ವೀಕ್ ಲೈಪ್‌ಸಿಗ್‌ನ ಹೆಸರಾಂತ ಪಿಯಾನೋ ಮೇಷ್ಟ್ರು. ಮಗಳನ್ನು ಯುರೋಪೇ ಮೆಚ್ಚುವ ಕಲಾವಿದೆ ಮಾಡಿದವನು ಅವನೇ. ಅವಳನ್ನು ಕೈಬೆರಳು ಕೆಡಿಸಿಕೊಂಡ, ಸಂಪಾದನೆ ಇಲ್ಲದ ಈ ಶಿಷ್ಯನಿಗೆ ಕೊಡಲು ಸುತರಾಂ ಒಪ್ಪಲಿಲ್ಲ. 1836ರಲ್ಲಿ ಇಬ್ಬರೂ ಭೇಟಿಯಾಗದಂತೆ ಮಾಡಿದ. ಆಗ ಶೂಮನ್ ಶುರು ಮಾಡಿದ್ದು ಓಪಸ್ 17 (ಓಪಸ್ ಅಂದರೆ ಕೃತಿಯ ಸಂಖ್ಯೆ), ಸಿ ಮೇಜರ್ 'ಫ್ಯಾಂಟಸಿ' ಎಂಬ ಪಿಯಾನೋ ಕೃತಿ. ಮೊದಲ ಭಾಗ ನಿನಗಾಗಿ ಪಟ್ಟ ಆಳವಾದ ಸಂಕಟ ಎಂದು ಆಮೇಲೆ ಕ್ಲಾರಾಗೆ ಬರೆದ. ಆ ಭಾಗದ ಕೊನೆಗೆ ಇದ್ದಕ್ಕಿದ್ದಂತೆ ಎಲ್ಲ ಅಬ್ಬರ ನಿಂತು, ಬೀಥೋವನ್‌ನ ಹಾಡಿನ ಒಂದು ಸಾಲು ಕೇಳುತ್ತದೆ. ಅದು ದೂರದ ನಲ್ಲೆಗಾಗಿ ಬರೆದ ಹಾಡುಗಳ ಗುಚ್ಛ. ಅಲ್ಲಿನ ಮಾತು 'ಈ ಹಾಡುಗಳನ್ನು ತೆಗೆದುಕೋ' ಎಂದು. ಪಿಯಾನೋದಲ್ಲಿ ಮಾತಿಲ್ಲ. ಆದರೆ ಕ್ಲಾರಾಗೆ ಆ ಹಾಡು ಗೊತ್ತಿತ್ತು. ಅಪ್ಪ ಪತ್ರಗಳನ್ನು ತಡೆಯಬಹುದು, ಇದನ್ನು ಹೇಗೆ ತಡೆಯುವುದು?

ಕೋರ್ಟು ಮೆಟ್ಟಿಲು ಹತ್ತಿದರು. 1840ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಸೆಪ್ಟೆಂಬರ್ 12ರಂದು ಮದುವೆ. ಮಾರನೆಯ ದಿನ ಕ್ಲಾರಾಗೆ 21 ತುಂಬಿತು.

ಆ ಒಂದೇ ವರ್ಷದಲ್ಲಿ ಶೂಮನ್ ನೂರಕ್ಕೂ ಹೆಚ್ಚು ಹಾಡು ಬರೆದ. ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ಒಂದನ್ನು ಹತ್ತಿರದಿಂದ ನೋಡೋಣ. 'ಡಿಖ್ಟರ್‌ಲೀಬೆ', ಕವಿಯ ಪ್ರೇಮ. ಹದಿನಾರು ಹಾಡು, ಕವಿತೆ ಹೈನ್‌ರಿಖ್ ಹೈನೆಯದು. ಮೊದಲ ಹಾಡು ಮೇ ತಿಂಗಳ ಚೆಲುವಿನಲ್ಲಿ ಪ್ರೀತಿ ಹೇಳಿಕೊಂಡ ಕಥೆ. ಮಾತು ಮುಗಿದರೂ ಪಿಯಾನೋ ನೆಲೆಗೆ ಬಂದು ನಿಲ್ಲುವುದಿಲ್ಲ. ಅರ್ಧಕ್ಕೆ ಬಿಟ್ಟ ಹಾಗೆ ಗಾಳಿಯಲ್ಲಿ ತೂಗುತ್ತಾ ಮುಗಿಯುತ್ತದೆ. ಪದಗಳು ಖುಷಿಯವು, ಪಿಯಾನೋಗೆ ಮಾತ್ರ ಮುಂದಿನದು ಆಗಲೇ ಗೊತ್ತಿದೆ. ಹನ್ನೆರಡನೆಯ ಹಾಡಿನಲ್ಲಿ ತೋಟದ ಹೂಗಳು ಆ ಬಿಳಿಚಿದ ಮನುಷ್ಯನಿಗೆ ಪಿಸುಗುಟ್ಟುತ್ತವೆ: ನಮ್ಮ ಅಕ್ಕನ ಮೇಲೆ ಕೋಪ ಮಾಡಿಕೊಳ್ಳಬೇಡ. ಆಮೇಲೆ ಪಿಯಾನೋ ಒಂದು ಮೆದು ರಾಗ ನುಡಿಸುತ್ತದೆ. ಹದಿನಾರನೆಯದರಲ್ಲಿ ಹೈನೆ ತನ್ನ ಕಹಿಯನ್ನೆಲ್ಲ ಕಾರುತ್ತಾನೆ. ದೊಡ್ಡ ಶವಪೆಟ್ಟಿಗೆ ತನ್ನಿ, ಹನ್ನೆರಡು ದೈತ್ಯರು ಹೊತ್ತು ಸಮುದ್ರಕ್ಕೆ ಹಾಕಲಿ, ಅದರಲ್ಲಿ ನನ್ನ ಪ್ರೀತಿಯೂ ನೋವೂ ಇದೆ ಅನ್ನುತ್ತಾನೆ. ಕವಿತೆ ಅಲ್ಲಿಗೆ ಮುಗಿಯಿತು. ಶೂಮನ್ ಮುಗಿಸುವುದಿಲ್ಲ. ಹೂಗಳ ಆ ರಾಗ ಬೇರೆ ಶ್ರುತಿಯಲ್ಲಿ ತಿರುಗಿ ಬರುತ್ತದೆ. ಕವಿ ಕ್ಷಮಿಸದವಳನ್ನು ಪಿಯಾನೋ ಕ್ಷಮಿಸಿತು. ಸಾಹಿತ್ಯದಿಂದ ಸ್ಫೂರ್ತಿ ಪಡೆಯುವುದು ಅಂದರೆ ಕವಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅಂದುಕೊಂಡಿದ್ದರೆ, ಈ ಒಂದು ನಿಮಿಷದ ಪಿಯಾನೋ ಕೇಳಿ.

ಅದೇ ವರ್ಷ ಮದುವೆಯ ಉಡುಗೊರೆಯಾಗಿ ಕೊಟ್ಟ ಹಾಡುಗಳಲ್ಲಿ ಮೊದಲನೆಯದು ಫ್ರೀಡ್ರಿಖ್ ರೂಕರ್ಟ್‌ನ ಕವಿತೆ. ಈ ರೂಕರ್ಟ್ ನಮಗೂ ಪರಿಚಯದವನೇ ಆಗಬೇಕಿತ್ತು. ಸಂಸ್ಕೃತ ಪಂಡಿತ. ನಳ ದಮಯಂತಿಯ ಕಥೆಯನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಪದ್ಯಕ್ಕೆ ತಂದವನು. ಅವನ ಪ್ರೇಮಕವಿತೆಗಳಿಂದ ಶೂಮನ್ ಮತ್ತು ಕ್ಲಾರಾ ಸೇರಿ 1841ರಲ್ಲಿ ಒಂದು ಹಾಡಿನ ಪುಸ್ತಕ ಹೊರತಂದರು. ಒಟ್ಟು ಹನ್ನೆರಡು ಹಾಡು, ಮೂರು ಕ್ಲಾರಾದು. ಮುಖಪುಟದಲ್ಲಿ ಇಬ್ಬರ ಹೆಸರೂ ಇದೆ. ಯಾವ ಹಾಡು ಯಾರದು ಅಂತ ಒಳಗೆ ಎಲ್ಲೂ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದರು.

ಚಂದದ ಕಥೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಬರೆಯುವ ದಿನಚರಿ ಒಂದಿತ್ತು, ಮದುವೆಯಾದ ಮೇಲೆ ಶುರುವಾದದ್ದು. ಅದರಲ್ಲಿ ಕ್ಲಾರಾ ತೋಡಿಕೊಂಡಿದ್ದಾಳೆ: ರಾಬರ್ಟ್ ಬರೆಯಲು ಕೂತಾಗ ನನಗೆ ಸಾಧನೆ ಮಾಡಲು ಆಗುವುದಿಲ್ಲ, ನುಡಿಸುವುದು ಹಿಂದೆ ಬೀಳುತ್ತಿದೆ. ಮನೆಯ ಗೋಡೆ ತೆಳುವಾಗಿತ್ತು, ಅವನಿಗೆ ಮೌನ ಬೇಕಿತ್ತು. ಎಂಟು ಮಕ್ಕಳಾದರು. ಮದುವೆಗೆ ಮುಂಚೆಯೇ, 1839ರಲ್ಲಿ, ಹೆಂಗಸು ಸಂಗೀತ ರಚಿಸುವ ಆಸೆ ಪಡಬಾರದು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಳು. 14 ವರ್ಷ ತುಂಬುವ ಮೊದಲೇ ಅವಳು ಕಟ್ಟಿದ ರಾಗವನ್ನು ಇಟ್ಟುಕೊಂಡು ಶೂಮನ್ ಒಂದು ಕೃತಿಯನ್ನೇ ಬರೆದಿದ್ದ. ಆದರೂ ಹೀಗೆ. 1846ರ ಅವಳ ಪಿಯಾನೋ ಟ್ರಯೋ (ಪಿಯಾನೋ, ಪಿಟೀಲು, ಚೆಲ್ಲೋ ಮೂರೂ ಸೇರಿದ ಕೃತಿ) ಕೇಳಿದವರಿಗೆ ಆ ಮಾತು ಹೊಟ್ಟೆಗೆ ಚುಚ್ಚುತ್ತದೆ. ಶೂಮನ್‌ನ ಗೆಳೆಯ, ರಚನಕಾರ ಮೆಂಡೆಲ್ಸನ್ ಮನೆಯಲ್ಲೂ ಇದೇ ಕಥೆ. ಅಕ್ಕ ಫ್ಯಾನಿಯ ಆರು ಹಾಡುಗಳನ್ನು ಅವನು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದ. 1842ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಅವನ ಮುಂದೆ ತನಗಿಷ್ಟವಾದ ಹಾಡು ಹಾಡಿದಾಗ, ಅದು ನನ್ನದಲ್ಲ, ಅಕ್ಕನದು ಎಂದು ಒಪ್ಪಿಕೊಳ್ಳಬೇಕಾಯಿತು.

ಗೆಳೆತನದ ವಿಷಯಕ್ಕೆ ಬಂದರೆ, ಶೂಮನ್ ಕೊಟ್ಟಷ್ಟು ಅವನಿಗೆ ವಾಪಸ್ ಸಿಗಲಿಲ್ಲ ಅನ್ನುವುದು ನನ್ನ ಅನಿಸಿಕೆ. ಜರ್ಮನ್ ಕಥೆಗಾರ ಹಾಫ್‌ಮನ್‌ನ ಕಥೆಗಳ ಹುಚ್ಚು ಸಂಗೀತಗಾರ ಕ್ರೈಸ್ಲರ್‌ನ ಹೆಸರಿನಲ್ಲಿ ಬರೆದ 'ಕ್ರೈಸ್ಲೆರಿಯಾನಾ'ವನ್ನು 1838ರಲ್ಲಿ ರಚನಕಾರ ಶೋಪಾನ್‌ಗೆ ಅರ್ಪಿಸಿದ. ಶೋಪಾನ್ ತನ್ನ ಎರಡನೆಯ ಬಲಾಡ್ ಎಂಬ ಪಿಯಾನೋ ಕೃತಿಯನ್ನು ಇವನಿಗೆ ಅರ್ಪಿಸಿದ, ಸರಿ. ಆದರೆ ಇವನ ಸಂಗೀತ ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. 'ಫ್ಯಾಂಟಸಿ'ಯ ಅರ್ಪಣೆ ಪಿಯಾನೋ ವಾದಕ, ರಚನಕಾರ ಲಿಸ್ಟ್‌ಗೆ ಹೋಯಿತು. ಲಿಸ್ಟ್ ತನ್ನ ಬಿ ಮೈನರ್ ಸೊನಾಟಾವನ್ನು (ಸೊನಾಟಾ ಅಂದರೆ ದೊಡ್ಡ ವಾದ್ಯಕೃತಿ) ಅರ್ಪಿಸಿ ಋಣ ತೀರಿಸಿದ. ಅದು ಅಚ್ಚಾಗಿ ಮನೆಗೆ ಬರುವ ಹೊತ್ತಿಗೆ ಶೂಮನ್ ಆಸ್ಪತ್ರೆ ಸೇರಿದ್ದ. ಕ್ಲಾರಾಗಂತೂ ಅದು ಬರೀ ಗದ್ದಲವಾಗಿ ಕೇಳಿಸಿತು. ಮೆಂಡೆಲ್ಸನ್ ಮಾತ್ರ ಕೈಹಿಡಿದ. ಶೂಮನ್‌ನ ಮೊದಲ ಸಿಂಫನಿಯನ್ನು (ವಾದ್ಯವೃಂದದ ದೊಡ್ಡ ಕೃತಿ) 1841ರಲ್ಲಿ ಲೈಪ್‌ಸಿಗ್‌ನಲ್ಲಿ ನಡೆಸಿಕೊಟ್ಟವನು ಅವನೇ. ಅದಕ್ಕೂ ಮುಂಚೆ, ರಚನಕಾರ ಶೂಬರ್ಟ್ ಸತ್ತು ಹತ್ತು ವರ್ಷವಾದ ಮೇಲೆ, ಶೂಮನ್ ವಿಯೆನ್ನಾದಲ್ಲಿ ಶೂಬರ್ಟ್‌ನ ಅಣ್ಣನ ಮನೆಗೆ ಹೋಗಿ ದೊಡ್ಡ ಸಿ ಮೇಜರ್ ಸಿಂಫನಿಯ ಹಸ್ತಪ್ರತಿ ಕಂಡಿದ್ದ. ಅದನ್ನು 1839ರಲ್ಲಿ ಜನರ ಮುಂದೆ ತಂದದ್ದೂ ಮೆಂಡೆಲ್ಸನ್. ಆ ಸಿಂಫನಿಯ ಉದ್ದವನ್ನು ಶೂಮನ್ ಯಾವುದಕ್ಕೆ ಹೋಲಿಸಿದ ಊಹಿಸಿ. ನಾಲ್ಕು ಸಂಪುಟದ ಜಾಂ ಪೌಲ್ ಕಾದಂಬರಿಗೆ!

ಈಗ ಬ್ರಾಮ್ಸ್. 1853ರ ಶರತ್ಕಾಲದಲ್ಲಿ ಡ್ಯುಸೆಲ್‌ಡಾರ್ಫ್‌ನ ಶೂಮನ್ ಮನೆಗೆ ಬಂದಾಗ ಅವನಿಗೆ 20, ಶೂಮನ್‌ಗೆ 43, ಕ್ಲಾರಾಗೆ 34. ಹೋಗು ಅಂದವನು ಪಿಟೀಲು ವಾದಕ ಯೋವಾಖಿಮ್. ಹುಡುಗ ತನ್ನ ಹಸ್ತಪ್ರತಿಗಳಿಗೆ ಹಾಕುತ್ತಿದ್ದ ಸಹಿ ಏನು ಗೊತ್ತೇ? 'ಯೊಹಾನೆಸ್ ಕ್ರೈಸ್ಲರ್ ಜೂನಿಯರ್'. ಅದೇ ಹಾಫ್‌ಮನ್‌ನ ಕ್ರೈಸ್ಲರ್. ಹದಿನೈದು ವರ್ಷದ ಹಿಂದೆ ಶೂಮನ್ ಹಾಕಿಕೊಂಡಿದ್ದ ಮುಖವಾಡವನ್ನೇ ಇವನೂ ಹಾಕಿಕೊಂಡು ಬಂದಿದ್ದ. ಇಬ್ಬರೂ ಒಂದೇ ಪುಸ್ತಕ ಓದಿ ಕೆಟ್ಟವರು. ಪರಿಚಯ ಸ್ನೇಹವಾಗಲು ತಡವಾಗಲಿಲ್ಲ. ಅಕ್ಟೋಬರ್ 28ಕ್ಕೆಲ್ಲ ಶೂಮನ್‌ನ ಲೇಖನ ಬಂತು, ಸಂಗೀತದ ಮುಂದಿನ ದಾರಿ ಈ ಹುಡುಗನೇ ಎಂದು ಲೋಕಕ್ಕೆ ಸಾರಿ.

ಅದೇ ತಿಂಗಳು ಇನ್ನೊಂದು ಆಟ ನಡೆಯಿತು. ಯೋವಾಖಿಮ್‌ನ ಧ್ಯೇಯವಾಕ್ಯ 'ಸ್ವತಂತ್ರ, ಆದರೆ ಒಂಟಿ'. ಜರ್ಮನ್‌ನಲ್ಲಿ ಅದರ ಮೊದಲ ಅಕ್ಷರಗಳು ಎಫ್, ಎ, ಇ. ಮೂರೂ ಸ್ವರಗಳು. ಅವುಗಳ ಮೇಲೆ ಒಂದು ಪಿಟೀಲು ಸೊನಾಟಾ ಕಟ್ಟೋಣ ಎಂದು ಶೂಮನ್, ಬ್ರಾಮ್ಸ್, ಆಲ್ಬರ್ಟ್ ಡೀಟ್ರಿಖ್ ಮೂವರೂ ಭಾಗ ಹಂಚಿಕೊಂಡರು. ಯಾವುದು ಯಾರದು ಎಂದು ಯೋವಾಖಿಮ್ ನುಡಿಸುತ್ತಲೇ ಗುರುತಿಸಬೇಕು. ಕ್ಲಾರಾ ಪಿಯಾನೋಗೆ ಕೂತಳು. ಅವನು ಎಲ್ಲವನ್ನೂ ಸರಿಯಾಗಿ ಹೇಳಿದ. ಬ್ರಾಮ್ಸ್ ಬರೆದ ಸ್ಕೆರ್ಟ್ಸೋ ಎಂಬ ಚುರುಕಿನ ಭಾಗ ಇವತ್ತಿಗೂ ಕಛೇರಿಗಳಲ್ಲಿ ಒಂಟಿಯಾಗೇ ಕೇಳಿಬರುತ್ತದೆ.

ನಾಲ್ಕು ತಿಂಗಳಾಗಿತ್ತು ಅಷ್ಟೇ. 1854ರ ಫೆಬ್ರವರಿ 27, ಊರಿಡೀ ಕಾರ್ನಿವಲ್ ವೇಷದಲ್ಲಿದ್ದ ದಿನ, ಕಾಯಿಲೆಯಿಂದ ಮನಸ್ಸಿನ ಹಿಡಿತ ತಪ್ಪಿದ್ದ ಶೂಮನ್ ಮನೆಯಿಂದ ಹೊರಟು ರೈನ್ ನದಿಗೆ ಹಾರಿದ. ಬದುಕಿಸಿದರು. ಬಾನ್ ಹತ್ತಿರದ ಎಂಡೆನಿಖ್ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಕ್ಲಾರಾ ಆಗ ಗರ್ಭಿಣಿ. ವೈದ್ಯರು ಅವಳಿಗೆ ಗಂಡನನ್ನು ನೋಡಲು ಬಿಡಲಿಲ್ಲ. ನೋಡಿದ್ದು 1856ರ ಜುಲೈ 27ರಂದು. ಎರಡು ದಿನಕ್ಕೆ ಅವನು ತೀರಿಕೊಂಡ. ಈ ಎರಡೂವರೆ ವರ್ಷ ಬ್ರಾಮ್ಸ್ ಅವಳ ಮನೆಯ ಲೆಕ್ಕ ಬರೆದ, ಮಕ್ಕಳನ್ನು ನೋಡಿಕೊಂಡ, ಎಂಡೆನಿಖ್‌ಗೆ ಹೋಗಿ ಬಂದ. ಪ್ರೀತಿ ಬೆಳೆದದ್ದು ಆಗಲೇ. ಶೂಮನ್‌ನ ಒಂದು ರಾಗದ ಮೇಲೆ ಕ್ಲಾರಾ 1853ರಲ್ಲಿ ಗಂಡನ ಹುಟ್ಟುಹಬ್ಬಕ್ಕೆ ವೇರಿಯೇಷನ್ಸ್ (ಒಂದೇ ರಾಗವನ್ನು ಬಗೆಬಗೆಯಾಗಿ ಬದಲಿಸುವ ಕೃತಿ) ಬರೆದಿದ್ದಳು. 1854ರಲ್ಲಿ ಬ್ರಾಮ್ಸ್ ಅದೇ ರಾಗವನ್ನು ತೆಗೆದುಕೊಂಡು ಇನ್ನೊಂದು ಬರೆದು ಅವಳಿಗೆ ಅರ್ಪಿಸಿದ. ಒಂದರ ಹಿಂದೊಂದು ಎರಡನ್ನೂ ಕೇಳಿ.

ಶೂಮನ್ ಸತ್ತ ಮೇಲೆ ಇಬ್ಬರೂ ಮದುವೆಯಾಗಬಹುದಿತ್ತು. ಆಗಲಿಲ್ಲ. ಆ ಬೇಸಿಗೆ ಬ್ರಾಮ್ಸ್‌ನ ಅಕ್ಕ ಮತ್ತು ಕ್ಲಾರಾಳ ಇಬ್ಬರು ಮಕ್ಕಳ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರು, ಆಮೇಲೆ ಬೇರೆ ಬೇರೆ ಊರು ಸೇರಿದರು. ಬ್ರಾಮ್ಸ್ ಇದರ ಬಗ್ಗೆ ಬಾಯಿ ಬಿಟ್ಟಿದ್ದು ಕಡಿಮೆ. ಆದರೆ ಒಂದು ಕಡೆ ಬಿಟ್ಟಿದ್ದಾನೆ, ಅದೂ ಪುಸ್ತಕದ ಮರೆಯಲ್ಲಿ. 1855ರಲ್ಲಿ ಶುರು ಮಾಡಿದ ಪಿಯಾನೋ ಕ್ವಾರ್ಟೆಟ್ (ಪಿಯಾನೋ ಸೇರಿ ನಾಲ್ಕು ವಾದ್ಯಗಳ ಕೃತಿ) ಒಂದನ್ನು ಮುಗಿಸಿ ಅಚ್ಚಿಗೆ ಕೊಟ್ಟಿದ್ದು 1875ರಲ್ಲಿ. ಆಗ ಪ್ರಕಾಶಕ ಸಿಮ್ರಾಕ್‌ಗೆ ಬರೆದ: ಮುಖಪುಟಕ್ಕೆ ಒಂದು ತಲೆ, ಅದಕ್ಕೆ ಗುರಿಯಿಟ್ಟ ಪಿಸ್ತೂಲು ಹಾಕು, ನನ್ನ ಫೋಟೋ ಕಳಿಸುತ್ತೇನೆ, ನೀಲಿ ಕೋಟು, ಹಳದಿ ಚಲ್ಲಣ ಇರಲಿ. ಆ ಉಡುಪು ಗಯಟೆಯ ಕಾದಂಬರಿಯ ನಾಯಕ ವೆರ್ಟರ್‌ನದು, ಗೆಳೆಯನಂಥವನ ಹೆಂಡತಿ ಲೊಟ್ಟೆಯನ್ನು ಪ್ರೀತಿಸಿ ಗುಂಡು ಹೊಡೆದುಕೊಂಡವನದು. ಜರ್ಮನಿಯಲ್ಲಿ ಓದಿದವರೆಲ್ಲರಿಗೂ ಆ ಬಟ್ಟೆ ಗೊತ್ತು. ತಮಾಷೆಯ ಧಾಟಿಯಲ್ಲಿ ಬರೆದಿದ್ದಾನೆ, ನಿಜ. ಇಪ್ಪತ್ತು ವರ್ಷ ಕಾದು ಮಾಡಿದ ತಮಾಷೆ. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಬೇಡ.

ಸ್ನೇಹ ಮಾತ್ರ ಕೊನೆತನಕ ಉಳಿಯಿತು, ಜಗಳ ಮುನಿಸುಗಳ ಸಮೇತ. 1868ರಲ್ಲಿ ಅಂಥ ಒಂದು ಮುನಿಸಿನ ನಡುವೆ ಬ್ರಾಮ್ಸ್ ಆಲ್ಪ್ಸ್‌ನಿಂದ ಅವಳ ಹುಟ್ಟುಹಬ್ಬಕ್ಕೆ ಒಂದು ಕೊಂಬಿನ ರಾಗ ಬರೆದು ಕಳಿಸಿದ, ಬೆಟ್ಟದ ಮೇಲಿಂದ ಕಣಿವೆಯಿಂದ ಸಾವಿರ ಸಲ ವಂದಿಸುತ್ತೇನೆ ಎಂಬ ಸಾಲಿನೊಂದಿಗೆ. ಎಂಟು ವರ್ಷದ ಮೇಲೆ ಅವನ ಮೊದಲ ಸಿಂಫನಿಯ ಕೊನೆಯ ಭಾಗದಲ್ಲಿ, ಮೋಡ ಕವಿದಂಥ ಆರಂಭವನ್ನು ಸೀಳಿಕೊಂಡು ಬರುವ ಹಾರ್ನ್ ರಾಗ ಅದೇ. ಕ್ಲಾರಾ 1896ರ ಮೇ 20ರಂದು ತೀರಿಕೊಂಡಳು. ಬ್ರಾಮ್ಸ್ ಮರುವರ್ಷ ಏಪ್ರಿಲ್‌ನಲ್ಲಿ.

ಕೊನೆಯದಾಗಿ, ಇದೆಲ್ಲ ಗೊತ್ತಿರಲೇಬೇಕೇ? ಬೇಡ. ಶೂಮನ್ ತಾನೇ ಹೇಳಿದ್ದಾನೆ, 'ಮಕ್ಕಳ ದೃಶ್ಯಗಳು' ಕೃತಿಯ ಶೀರ್ಷಿಕೆಗಳು ಹೊಳೆದದ್ದು ಸಂಗೀತ ಬರೆದ ಮೇಲೆ ಎಂದು. ಹಾಗಾಗಿ ಪ್ರತಿ ಸ್ವರಕ್ಕೂ ಒಂದು ಘಟನೆ ಹುಡುಕುತ್ತಾ ಕೂರಬೇಡಿ, ತಲೆ ಕೆಡುತ್ತದೆ. ಮೊದಲ ಸಲ ಏನೂ ಓದದೆ ಕೇಳಿ. ಹಾಡುಗಳಿಗೆ ಮಾತ್ರ ಪದಗಳ ಅರ್ಥ ಕೈಯಲ್ಲಿರಲಿ, ಇಲ್ಲದಿದ್ದರೆ ಪಿಯಾನೋ ಕವಿಯ ಜೊತೆ ಎಲ್ಲಿ ಜಗಳ ತೆಗೆಯುತ್ತದೆ ಅಂತ ಗೊತ್ತಾಗುವುದಿಲ್ಲ. 'ಪಾಪಿಯೋಂ' ಹದಿನೈದು ನಿಮಿಷದೊಳಗೆ ಮುಗಿಯುತ್ತದೆ, ಅಲ್ಲಿಂದ ಶುರು ಮಾಡಿ. ಆಮೇಲೆ 'ಡಿಖ್ಟರ್‌ಲೀಬೆ', ಆಮೇಲೆ ಬ್ರಾಮ್ಸ್‌ನ ಆ ವೆರ್ಟರ್ ಉಡುಪಿನ ಕ್ವಾರ್ಟೆಟ್, ಓಪಸ್ 60. ಅದರ ಮೂರನೆಯ ಭಾಗದಲ್ಲಿ ಚೆಲ್ಲೋ ಹಾಡುವುದನ್ನು ತಪ್ಪಿಸಿಕೊಳ್ಳಬೇಡಿ. ಕ್ಲಾರಾಳ ಕೃತಿಗಳಲ್ಲಿ, 1853ರಲ್ಲಿ ಬರೆದು ಯೋವಾಖಿಮ್‌ಗೆ ಅರ್ಪಿಸಿದ ಪಿಟೀಲು, ಪಿಯಾನೋದ ಮೂರು 'ರೊಮಾನ್ಸ್'ಗಳನ್ನು ಕೇಳಿ. ಗಂಡ ಸತ್ತ ಮೇಲೆ ಮನೆ ನಡೆಸಲು ಅವಳು ಊರೂರು ತಿರುಗಿ ಕಛೇರಿ ಮಾಡಿದಳು, ಹೊಸದು ಬರೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ಬಿಟ್ಟಳು. ಹಾಗಾಗಿ ಅವಳ ಪಟ್ಟಿ ಚಿಕ್ಕದು, ಒಂದೆರಡು ವಾರದಲ್ಲಿ ಪೂರ್ತಿ ಕೇಳಿ ಮುಗಿಸಬಹುದು.